ಕಳೆಯಿಲ್ಲದ ಹೋಬಳಿಯ ಕಳೆ ಕಮಿಷನರ್

ಅಡಲೀನ್ ಪರ್ಡಿ, ಲಾಮರ್ಟ್ ಬೌಮಾರನ್ನು ಮೊದಲು ಕಂಡದ್ದು ೧೯೩೮ರ ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಉತ್ತರ ಮಿಷಿಗನ್ನಿನಲ್ಲಿ, ದೊಡ್ಡ ಸರೋವರದ ದಂಡೆಯಿಂದ ಆರು ಮೈಲಿ ಒಳಗಿರುವ ನೋರ್ಡೆನ್ ಹೋಬಳಿಯ ಒಂದೇ ಕೋಣೆಯ ಶಾಲೆಗೆ ಅವಳು ಟೀಚರಾಗಿ ಬಂದು ಆಗ ನಾಲ್ಕು ದಿನವಾಗಿತ್ತು. ಕಿಟಕಿ ತೊಳೆದಿದ್ದಳು, ಒಲೆಯ ಹಳೆಯ ಬೂದಿ ಹೊರಗೆ ಹಾಕಿದ್ದಳು. ಕೋಣೆಗೆ ಸ್ವಲ್ಪ ಕಳೆ ಬರಲಿ ಎಂದು ಹಿತ್ತಲಿನಿಂದ ಮೂರು ಕಡ್ಡಿ ಹೂ ಕಿತ್ತು ತಂದು ಜಾಡಿಯಲ್ಲಿಟ್ಟು ಮೇಜಿನ ಮೇಲಿರಿಸಿದ್ದಳು. ಮಂಕು ಗುಲಾಬಿ ಬಣ್ಣದ ದುಂಡು ಗೊಂಚಲುಗಳು. ಕೀಳುವಾಗ ಬೆರಳಿಗೆಲ್ಲ ಹಾಲು ಅಂಟಿತ್ತು. ಆದರೆ ಸಿಹಿ ವಾಸನೆ ಮಾತ್ರ ಇಡೀ ಕೋಣೆ ತುಂಬಿತ್ತು.

ಹೊರಗೆ ಮರಕ್ಕೆ ಮರ ತಗುಲಿದ ಟಕ್ ಟಕ್ ಸದ್ದಾಯಿತು. ನೋಡಿದರೆ, ಐವತ್ತು ದಾಟಿದ ಎತ್ತರದ ಗಂಡಸೊಬ್ಬರು ಮೆಟ್ಟಿಲ ಬಳಿ ತಮ್ಮ ಮರದ ಪಾದುಕೆಗಳನ್ನು ಬಿಚ್ಚಿ, ಒಂದರ ಪಕ್ಕ ಒಂದನ್ನು ಕಾಲಳತೆಗೆ ಸರಿಯಾಗಿ ಜೋಡಿಸುತ್ತಿದ್ದರು. ಬೂದು ಬಣ್ಣದ ಉಣ್ಣೆಯ ಕಾಲುಚೀಲದಲ್ಲೇ ಒಳಗೆ ಬಂದರು. ಎಡಗಾಲಿನ ಹೆಬ್ಬೆರಳ ಬಳಿ ಹಾಕಿದ್ದ ತೇಪೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನೇ ಮೊದಲಿನ ಬಟ್ಟೆ ಎನ್ನಬಹುದಿತ್ತು. ಒಂದು ಕೈಯಲ್ಲಿ ಗಿಡ್ಡ ಹಿಡಿಯ ಗುದ್ದಲಿ, ಇನ್ನೊಂದರಲ್ಲಿ ಕರಿ ರಟ್ಟಿನ ಪುಸ್ತಕ.

"ಹೊಸ ಟೀಚರ್ ನೀವೇನಾ?"

"ಹೌದು."

"ನಾನು ಬೌಮಾ. ಈ ಹೋಬಳಿಯ ಕಳೆ ಕಮಿಷನರ್."

ಪಟ್ಟಣದಲ್ಲಿ ಬೆಳೆದ ಅಡಲೀನ್‌ಗೆ ಅಂಥದೊಂದು ಹುದ್ದೆ ಇದೆಯೆಂದೇ ಗೊತ್ತಿರಲಿಲ್ಲ. ತಮಾಷೆಯಿರಬೇಕೆಂದು ನಗಲು ಹೊರಟಳು. ಎದುರಿಗಿದ್ದ ಮುಖ ನೋಡಿ ನಗುವನ್ನು ಕೆಮ್ಮಿಗೆ ತಿರುಗಿಸಿದಳು.

"ನಿಮ್ಮ ಹಿತ್ತಲಲ್ಲಿ ಹದಿನೇಳು ಕಡ್ಡಿ ಹಾಲುಗಿಡ ಇದೆ," ಎಂದು ಬೌಮಾ ಪುಸ್ತಕ ನೋಡಿ ಹೇಳಿದರು. ಆಮೇಲೆ ಅವರ ಕಣ್ಣು ಮೇಜಿನ ಮೇಲಿನ ಜಾಡಿಗೆ ಬಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. "ಮೂರು ಇಲ್ಲಿದೆ. ಒಟ್ಟು ಇಪ್ಪತ್ತು."

"ಇದು ಹೂವು ಅಂತ ತಂದಿಟ್ಟೆ."

"ಕಳೆಗೆ ನೀರು ಹಾಕಿ, ಜಾಡಿಯಲ್ಲಿ ಕೂರಿಸಿ ಸಾಕೋರನ್ನ ನಾನು ಇವತ್ತೇ ನೋಡಿದ್ದು," ಎಂದರು ಬೌಮಾ. ಗದರಿಕೆಯಿರಲಿಲ್ಲ, ಹೊಸ ರೋಗ ಕಂಡ ವೈದ್ಯರ ಕುತೂಹಲವಿತ್ತು. ಹದಿನೇಳನ್ನು ಹೊಡೆದು ಇಪ್ಪತ್ತು ಎಂದು ಬರೆದರು. ಹತ್ತು ದಿನದೊಳಗೆ ಬೇರು ಸಮೇತ ನಾಶ ಮಾಡತಕ್ಕದ್ದು ಎಂಬ ಅಚ್ಚಿನ ನೋಟಿಸನ್ನು ಹರಿದು ಅವಳ ಕೈಗಿತ್ತರು. ಹೊರಡುವ ಮುಂಚೆ ಜೇಬಿನಿಂದ ಪೆಪ್ಪರ್‌ಮಿಂಟ್ ಒಂದನ್ನು ತೆಗೆದು, ನೋಟಿಸಿನ ಕಹಿಗೆ ಪರಿಹಾರವೋ ಎಂಬಂತೆ ಮೇಜಿನ ತುದಿಯಲ್ಲಿಟ್ಟರು.

ಹತ್ತು ದಿನದಲ್ಲಿ ಅಡಲೀನ್ ಏನೂ ಮಾಡಲಿಲ್ಲ. ಹನ್ನೊಂದನೆಯ ದಿನ ಬೌಮಾ ತಾವೇ ಬಂದು, ಗುದ್ದಲಿ ಹಿಡಿದು, ಹದಿನೇಳು ಗಿಡವನ್ನೂ ಬೇರು ಸಮೇತ ಅಗೆದರು. ಜಾಡಿಯ ಮೂರು ಒಣಗಿದ ಕಡ್ಡಿಗಳನ್ನೂ ಕೇಳಿ ಪಡೆದುಕೊಂಡು ಸುಟ್ಟರು.

ನೋರ್ಡೆನ್‌ನಲ್ಲಿ ಇರುವವರೆಲ್ಲ ಹಾಲೆಂಡಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಬೇಲಿ ನೇರವಾಗಿರಬೇಕು, ಕಿಟಕಿಯ ಗಾಜು ಹೊಳೆಯಬೇಕು, ಭಾನುವಾರ ಹಸು ಕರೆಯುವುದು ಬಿಟ್ಟು ಬೇರೆ ಕೆಲಸ ಕೂಡದು. ಅಂಥವರ ನಡುವೆಯೂ ಬೌಮಾರ ಅಚ್ಚುಕಟ್ಟು ಒಂದು ಕೈ ಮೇಲೆ. ಎಕ್ಕದ ಗಿಡದ ದಾಯಾದಿಯಂತಿರುವ ಈ ಹಾಲುಗಿಡ ಅವರ ಪರಮ ವೈರಿ. ಶರತ್ಕಾಲದಲ್ಲಿ ಅದರ ಕಾಯಿ ಒಡೆದು ಬೆಳ್ಳಿಯಂಥ ಅರಳೆ ಗಾಳಿಯಲ್ಲಿ ಹಾರುತ್ತದೆ. ಒಂದೊಂದು ಎಳೆಯ ಜೊತೆಗೂ ಒಂದು ಬೀಜ. ಒಂದು ಎಳೆ ಹಾರಿದ್ದು ಕಂಡರೆ ಬೌಮಾ ಟ್ರಕ್ಕು ನಿಲ್ಲಿಸಿ ಅದರ ಹಿಂದೆ ಓಡಿದ್ದುಂಟು. ಎಪ್ಪತ್ತೆರಡು ಹೊಲಗಳನ್ನು ವರ್ಷಕ್ಕೆ ಮೂರು ಸಲ ಸುತ್ತುತ್ತಿದ್ದರು. ಜಿಲ್ಲೆಯಲ್ಲೇ ಸ್ವಚ್ಛ ಹೋಬಳಿ ಎಂಬ ಪ್ರಶಸ್ತಿಪತ್ರ ಐದು ವರ್ಷ ಸಾಲಾಗಿ ನೋರ್ಡೆನ್‌ಗೆ ಬಂದು ಹಾಲಿನ ಡೈರಿಯ ಗೋಡೆ ಸೇರಿತ್ತು. ಹೊಲ ಸುತ್ತುವ ದಿನ ದಾರಿಯಲ್ಲಿ ಅವರ ಟ್ರಕ್ಕು ಕಂಡರೆ ಹೆಂಗಸರು ಹೂವಿನ ಪಾತಿಯನ್ನೂ ಒಮ್ಮೆ ಅನುಮಾನದಿಂದ ನೋಡಿಕೊಳ್ಳುತ್ತಿದ್ದರು.

ಆಮೇಲೆ ಯುದ್ಧ ಬಂತು. ಬೌಮಾರ ಒಬ್ಬನೇ ಮಗ ಹಾರ್ಮ್ ನೌಕಾಪಡೆ ಸೇರಿ ಪೆಸಿಫಿಕ್ ಸಾಗರಕ್ಕೆ ಹೋದ. ಮನೆಯ ಮುಂದಿನ ಕಿಟಕಿಯಲ್ಲಿ ಮಗ ಸೇನೆಯಲ್ಲಿದ್ದಾನೆಂದು ಸಾರುವ ನೀಲಿ ನಕ್ಷತ್ರದ ಪುಟ್ಟ ಬಾವುಟ ಬಂತು. ಸಕ್ಕರೆಗೆ ಪಡಿತರದ ಕೂಪನ್ ಬಂದು ಪೆಪ್ಪರ್‌ಮಿಂಟ್ ಅಪರೂಪವಾಯಿತು. ನೋರ್ಡೆನ್‌ನ ಚರ್ಚಿನಲ್ಲಿ ಪ್ರವಚನಕ್ಕೆ ಮೂರು ಭಾಗ, ಭಾಗಕ್ಕೊಂದು ಪೆಪ್ಪರ್‌ಮಿಂಟ್. ಅದು ಅಜ್ಜಂದಿರ ಕಾಲದ ಲೆಕ್ಕ. ಈಗ ಬೌಮಾ ಒಂದನ್ನೇ ಮೂರು ಚೂರು ಮಾಡಿ ತರುತ್ತಿದ್ದರು. ಮೂರನೆಯ ಭಾಗ ಎಳೆದರೆ ಚೂರು ಬೇಗ ಕರಗಿಹೋಗಿ ಅವರ ಮುಖ ಸಪ್ಪಗಾಗುವುದು ಹಿಂದಿನ ಬೆಂಚಿನಲ್ಲಿ ಕೂತ ಅಡಲೀನ್‌ಗೂ ಗೊತ್ತಾಗುತ್ತಿತ್ತು.

೧೯೪೪ರ ಸೆಪ್ಟೆಂಬರಿನ ಮೊದಲ ವಾರ ಜಿಲ್ಲಾ ಕೃಷಿ ಅಧಿಕಾರಿಗಳಿಂದ ಎಲ್ಲ ಶಾಲೆಗಳಿಗೂ ಕಾಗದ ಬಂತು. ನಾವಿಕರ ಜೀವರಕ್ಷಕ ಅಂಗಿಗಳಿಗೆ ತುಂಬಲು ಜಾವಾ ದ್ವೀಪದಿಂದ ಬರುತ್ತಿದ್ದ ಬೂರುಗದ ಅರಳೆ, ಜಪಾನೀಯರು ಆ ಕಡೆಯನ್ನೆಲ್ಲ ಹಿಡಿದ ಮೇಲೆ ನಿಂತುಹೋಗಿದೆ. ಅದರ ಬದಲಿಗೆ ಹಾಲುಗಿಡದ ಅರಳೆ ಆಗುತ್ತದೆ, ನೀರಿನಲ್ಲಿ ತೇಲುತ್ತದೆ. ಮಕ್ಕಳೂ ದೊಡ್ಡವರೂ ಕಾಯಿ ಒಡೆಯುವ ಮುಂಚೆ ಕಿತ್ತು, ಈರುಳ್ಳಿ ಚೀಲಗಳಲ್ಲಿ ತುಂಬಿ, ಬೇಲಿಗೆ ತೂಗುಹಾಕಿ ಒಣಗಿಸಬೇಕು. ಎರಡು ಚೀಲ ತುಂಬಿದರೆ ಒಬ್ಬನ ಪ್ರಾಣಕ್ಕೆ ಸಾಕಾಗುವಷ್ಟು ಅರಳೆ.

ಅಡಲೀನ್ ಆ ಕಾಗದವನ್ನು ಎರಡು ಸಲ ಓದಿ, ಕಿಟಕಿಯಿಂದ ಹಿತ್ತಲು ನೋಡಿದಳು. ಒಂದು ಕಡ್ಡಿಯೂ ಇರಲಿಲ್ಲ.

ಎರಡು ವಾರದಲ್ಲಿ ಪಕ್ಕದ ಹೋಬಳಿಯ ಶಾಲೆಯವರು ತೊಂಬತ್ತು ಚೀಲ ತೂಗುಹಾಕಿದರು. ಅವರು ಬೇಲಿಯನ್ನೂ ನೆಟ್ಟಗೆ ಹಾಕದ ಸೋಮಾರಿಗಳೆಂದು ನೋರ್ಡೆನ್‌ನವರು ಆಡಿಕೊಳ್ಳುತ್ತಿದ್ದರು. ಡೈರಿಯ ಗೋಡೆಯ ಮೇಲೆ, ಐದು ಪ್ರಶಸ್ತಿಪತ್ರಗಳ ಕೆಳಗೇ, ಹೋಬಳಿವಾರು ಪಟ್ಟಿ ಅಂಟಿಸಿದ್ದರು. ನೋರ್ಡೆನ್ ಎಂಬ ಹೆಸರಿನ ಮುಂದೆ ಒಂದು ಸೊನ್ನೆ.

"ಎಷ್ಟು ದುಂಡಗಿದೆ ನೋಡು ಲಾಮರ್ಟ್," ಎಂದ ಟ್ಯೂನಿಸ್ ವಿಸರ್, ಹಾಲಿನ ಕ್ಯಾನು ಇಳಿಸುತ್ತ. ಅವನು ಬೌಮಾರ ಪಕ್ಕದ ಹೊಲದವನು, ಚಿಕ್ಕಂದಿನಿಂದ ಒಂದೇ ಬೆಂಚಿನವನು. "ಸೊನ್ನೆನೂ ನಮ್ಮ ಹೋಬಳೀದು ಅಚ್ಚುಕಟ್ಟೇ."

ಬೌಮಾ ತಮ್ಮ ಕ್ಯಾನುಗಳನ್ನು ಇಳಿಸಿ ಹೊರಟರು. ಅಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪಾದುಕೆ ಬಿಚ್ಚಿಟ್ಟು ಒಳಗೆ ಬಂದರು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

"ಟೀಚರ್, ನನಗೆ ತೊಂಬತ್ತು ಬೇಡ. ಎರಡು ಸಾಕು."

"ಎರಡು ಚೀಲಾನಾ?"

"ಹಾರ್ಮ್‌ಗೆ ಒಂದು ಅಂಗಿ ಆಗುತ್ತೆ. ಅದು ಅವನಿಗೇ ಹೋಗಲ್ಲ, ನನಗೂ ಗೊತ್ತು. ಯಾರಿಗೋ ಹೋಗುತ್ತೆ. ಆದರೆ ಅವನಿಗೆ ಹೋಗೋದು ಯಾರದೋ ಊರಿಂದ ತಾನೇ ಬರಬೇಕು? ಎಲ್ಲಾ ಊರೋರೂ ನನ್ನ ಹಾಗೇ ಕಿತ್ತು ಸುಟ್ಟಿದ್ದರೆ ಏನು ಗತಿ ಅಂತ." ಕಿಟಕಿಯಾಚೆ ನೋಡಿ ಹೇಳಿದರು, "ಕಾಯಿ ಒಡೆಯೋಕೆ ಇನ್ನು ಹತ್ತು ದಿನವೂ ಇಲ್ಲ."

ಮರುದಿನದಿಂದ ಬೌಮಾ ಹೆಗಲ ಮೇಲೆ ಖಾಲಿ ಈರುಳ್ಳಿ ಚೀಲ ಹಾಕಿಕೊಂಡು ಹೋಬಳಿ ಸುತ್ತತೊಡಗಿದರು. ಇಪ್ಪತ್ತು ವರ್ಷ ಕಳೆ ನಾಶ ಮಾಡಲು ಹುಡುಕಿದ್ದ ಅದೇ ಮೂಲೆಗಳಲ್ಲಿ ಈಗ ಅದು ಉಳಿದಿರಲಿ ಎಂದು ಹುಡುಕಿದರು. ಹಳ್ಳದ ದಂಡೆ, ರೈಲು ಹಳಿಯ ಬದಿ, ಕಲ್ಲುಗುಪ್ಪೆಗಳ ಸಂದಿ. ಎಲ್ಲೂ ಇರಲಿಲ್ಲ. ಅವರ ಕೆಲಸ ಅಷ್ಟು ಚೆನ್ನಾಗಿತ್ತು.

ಅವರ ಕೆಲಸ ಅಷ್ಟೇನೂ ಚೆನ್ನಾಗಿರಲಿಲ್ಲ ಎಂಬ ಸತ್ಯ ಊರಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಒಬ್ಬೊಬ್ಬರ ಹೊಲದಲ್ಲೂ ಒಂದೊಂದು ಮರೆಯ ಮೂಲೆಯಿತ್ತು. ಕೊಟ್ಟಿಗೆಯ ಹಿಂದೆ, ಕಟ್ಟಿಗೆಯ ರಾಶಿಯ ಆಚೆ, ಮೇವು ತುಂಬಿಡುವ ಸೈಲೋದ ಮರೆಯಲ್ಲಿ ಹಾಲುಗಿಡ ಆರಾಮವಾಗಿ ಬೆಳೆದಿತ್ತು. ಯುದ್ಧಕ್ಕೆ ಕೊಡಲು ಅವರಿಗೆಲ್ಲ ಮನಸ್ಸಿತ್ತು. ಹಳೆಯ ಕಬ್ಬಿಣ ಕೊಟ್ಟಿದ್ದರು, ಬಾಣಲೆಯ ಜಿಡ್ಡನ್ನೂ ಡಬ್ಬಿಯಲ್ಲಿ ಹಿಡಿದು ಕೊಟ್ಟಿದ್ದರು. ಆದರೆ ಹಾಲುಗಿಡ ಕೊಡಬೇಕಾದರೆ ಅದು ನಮ್ಮಲ್ಲಿತ್ತು ಎಂದು ಒಪ್ಪಬೇಕು. ಒಪ್ಪಬೇಕಾದ್ದು ಕಳೆ ಕಮಿಷನರ್ ಎದುರಿಗೆ. ಅವರು ಚರ್ಚಿನ ಹಿರಿಯರೂ ಹೌದು. ಅದರ ಮೇಲೆ ಅವರು ಚೀಲ ಬೇರೆ ಹಿಡಿದು ತಿರುಗುತ್ತಿದ್ದುದನ್ನು ಕಂಡು, ಪತ್ತೆ ಹಚ್ಚಲು ಇದೊಂದು ಹೊಸ ಉಪಾಯವಿರಬೇಕೆಂದು ಊರು ತೀರ್ಮಾನಿಸಿತು. ಅವರು ಈ ದಾರಿಯಲ್ಲಿ ಬರುತ್ತಿದ್ದಾರೆಂದು ತಿಳಿದೊಡನೆ ಟ್ಯೂನಿಸ್‌ನ ಹೆಂಡತಿ ಸೈಲೋದ ಹಿಂದಕ್ಕೆ ಓಡಿ, ಗಿಡಗಳ ಮೇಲೆ ಹಳೆಯ ಕಂಬಳಿ ಹೊದಿಸಿ ಬಂದಳು.

"ಏನಾದ್ರೂ ಇದೆಯಾ ಟ್ಯೂನಿಸ್? ಒಂದೆರಡು ಕಡ್ಡಿ?" ಎಂದು ಬೌಮಾ ಕೇಳಿದರೆ, ಟ್ಯೂನಿಸ್ ಎದೆಯ ಮೇಲೆ ಕೈಯಿಟ್ಟು ಹೇಳಿದ:

"ನಿನ್ನ ಕೈಕೆಳಗಿರೋ ಊರಲ್ಲಿ ಕಳೆಯಾ? ಎಂಥ ಮಾತು ಆಡ್ತೀಯ."

ಬುಧವಾರ ಶಾಲೆ ಬಿಡುವ ಹೊತ್ತಿಗೆ ಬೌಮಾರ ಹೆಂಡತಿ ಫೆನ್ನಾ ಬಾಗಿಲಲ್ಲಿ ನಿಂತಿದ್ದರು. ಗಿಡ್ಡ ದೇಹ, ದುಂಡು ಮುಖ. ಗಂಡ ದಿನಕ್ಕೆ ಆಡುವಷ್ಟು ಮಾತನ್ನು ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿಸುತ್ತಿದ್ದರು. ಅಂದು ಮಾತ್ರ ಒಂದೇ ಮಾತು: "ಟೀಚರ್, ಮೊಟ್ಟೆ ಕೊಡ್ತೀನಿ, ನನ್ನ ಜೊತೆ ಬನ್ನಿ."

ಮನೆ ಸೇರಿದ ಮೇಲೆ ಮೊಟ್ಟೆಯ ಬುಟ್ಟಿಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಕೋಳಿಮನೆಯ ಪಕ್ಕದಿಂದ ನುಗ್ಗಿ, ಹಿಂದಿನ ತಂತಿಯ ಬಾಗಿಲು ತೆಗೆದರು. ಅಡಲೀನ್ ಅಲ್ಲೇ ನಿಂತುಬಿಟ್ಟಳು. ಅವಳ ಭುಜದವರೆಗೆ ಬೆಳೆದ ಹಾಲುಗಿಡ, ಒಂದು ಕೋಣೆಯಷ್ಟು ಅಗಲಕ್ಕೆ. ಕಾಯಿಗಳು ಬಲಿತು ಬಾಗಿದ್ದವು.

"ಇದು ಅವರಿಗೆ ಗೊತ್ತಿಲ್ವಾ?"

"ಕೋಳಿ ಹೆಂಗಸರ ಕೆಲಸ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು ಈ ಕಡೆ ಕಾಲಿಟ್ಟಿಲ್ಲ. ಎಪ್ಪತ್ತೆರಡು ಹೊಲ ನೋಡ್ತಾನೆ, ಅದರಲ್ಲಿ ನಮ್ಮದು ಸೇರಿಲ್ಲ. ನಮ್ಮನೇಲಿ ಕಳೆ ಇರುತ್ತೆ ಅಂತ ಅವನಿಗೆ ಹೊಳೆದ್ರೆ ತಾನೇ."

"ನೀವ್ಯಾಕೆ ಇಟ್ಟುಕೊಂಡ್ರಿ?"

ಫೆನ್ನಾ ಒಂದು ಕಾಯಿಯನ್ನು ಸವರಿದರು. "ಜುಲೈನಲ್ಲಿ ಗಾಳಿ ಈ ಕಡೆಯಿಂದ ಬೀಸಿದ್ರೆ ಅಡುಗೆಮನೆಗೆಲ್ಲ ವಾಸನೆ ಬರುತ್ತೆ. ಹಾರ್ಮ್ ಚಿಕ್ಕವನಿದ್ದಾಗ ಇದರ ಅರಳೆ ತುಂಬಿ ಒಂದು ದಿಂಬು ಮಾಡಿಕೊಟ್ಟಿದ್ದೆ. ಅದಿಲ್ಲದೆ ಮಲಗ್ತಿರಲಿಲ್ಲ. ದಿಂಬಲ್ಲಿ ಏನಿದೆ ಅಂತ ಅವರಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ." ಆಮೇಲೆ ಸೆರಗಿನಂತೆ ಏಪ್ರನ್ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. "ಕೀಳೋಣ ಬನ್ನಿ. ಆದರೆ ನನ್ನ ಹೆಸರು ಬೇಡ. ಕಮಿಷನರ್ ಮನೇಲೇ ಕಳೆ ಅಂದ್ರೆ ಅವನು ಡೈರೀಲಿ ತಲೆ ಎತ್ತೋದು ಹೇಗೆ?"

ಸಂಜೆಯೊಳಗೆ ಮೂರು ಚೀಲ ತುಂಬಿತು. ಇಬ್ಬರ ಬೆರಳುಗಳೂ ಹಾಲಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು. ಅಡಲೀನ್ ಚೀಲಗಳನ್ನು ತಂದು ಶಾಲೆಯ ಬೇಲಿಗೆ ತೂಗುಹಾಕಿದಳು. ಚೀಲಕ್ಕೊಂದು ಚೀಟಿ ಕಟ್ಟಬೇಕು, ಅದರಲ್ಲಿ ಕಾಯಿ ಎಲ್ಲಿಂದ ಬಂತೆಂದು ಬರೆಯಬೇಕು ಎಂಬ ನಿಯಮವಿತ್ತು. ಮಕ್ಕಳಿಗೆ ವರ್ಷವಿಡೀ ಸುಳ್ಳು ಹೇಳಬಾರದೆಂದು ಕಲಿಸುವವಳು ಪೆನ್ಸಿಲನ್ನು ಕಚ್ಚಿ, ಯೋಚಿಸಿ, ಮೂರಕ್ಕೂ "ಶಾಲೆಯ ಹಿತ್ತಲು" ಎಂದು ಬರೆದಳು.

ಗುರುವಾರ ಬೆಳಿಗ್ಗೆ ಬೌಮಾ ಬೇಲಿಯ ಮುಂದೆ ಟ್ರಕ್ಕು ನಿಲ್ಲಿಸಿದರು. ಮೂರು ಚೀಲಗಳನ್ನು ಕಂಡು ಅವರ ಮುಖ ಅರಳಿದ್ದನ್ನು ಅಡಲೀನ್ ಕಿಟಕಿಯಿಂದಲೇ ನೋಡಿದಳು. ಒಂದು ಚೀಲವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಆಮೇಲೆ ಚೀಟಿ ಓದಿದರು. ಶಾಲೆಯನ್ನು ಒಂದು ಸುತ್ತು ಹಾಕಿ, ಬಾಗಿಲಿಗೆ ಬಂದರು.

"ಟೀಚರ್, ಈ ಹಿತ್ತಲಲ್ಲಿ ಇದ್ದದ್ದು ಇಪ್ಪತ್ತು ಕಡ್ಡಿ. ಇಪ್ಪತ್ತನ್ನೂ ನಾನೇ ಸುಟ್ಟಿದ್ದೀನಿ."

"ಮತ್ತೆ ಬೆಳೆದಿರಬಹುದು," ಎಂದಳು ಅಡಲೀನ್. ಅವಳಿಗೇ ತನ್ನ ದನಿ ಮೂರನೇ ತರಗತಿಯ ಕಳ್ಳನ ದನಿಯಂತೆ ಕೇಳಿಸಿತು.

"ನಾನು ಕಿತ್ತ ಮೇಲೆ ಬೆಳೆಯಲ್ಲ," ಎಂದರು ಬೌಮಾ. ಕೋಪದಿಂದಲ್ಲ, ಇದ್ದದ್ದನ್ನು ಇದ್ದಂತೆ. ಮತ್ತೆ ಬೇಲಿಯ ಬಳಿ ಹೋಗಿ ಒಂದು ಚೀಲವನ್ನು ತಿರುಗಿಸಿ ನೋಡಿದರು. ಬಲೆಯ ಕಣ್ಣಿನಲ್ಲಿ ಕೋಳಿಯ ಪುಕ್ಕವೊಂದು ಸಿಕ್ಕಿಕೊಂಡಿತ್ತು. ಕಪ್ಪು ಬಿಳುಪು ಪಟ್ಟೆಯ ಪುಕ್ಕ. ಊರಲ್ಲೆಲ್ಲ ಬಿಳಿ ಕೋಳಿ; ಪಟ್ಟೆ ಕೋಳಿ ಸಾಕುವವರು ಒಬ್ಬರೇ. ಬೌಮಾ ಅದನ್ನು ಮೆಲ್ಲಗೆ ಎಳೆದು ತೆಗೆದು, ಜೇಬಿನಲ್ಲಿ ಪೆಪ್ಪರ್‌ಮಿಂಟ್ ಚೂರುಗಳ ಪಕ್ಕ ಇಟ್ಟುಕೊಂಡು, ಹೊರಟುಹೋದರು.

ಆಮೇಲೆ ಏನಾಯಿತೆಂಬುದನ್ನು ಫೆನ್ನಾ ಅಡಲೀನ್‌ಗೆ ಎಷ್ಟು ಸಲ ಹೇಳಿದ್ದಾರೆಂದರೆ ಅವಳಿಗೆ ಈಗ ಬಾಯಿಪಾಠ. ಬೌಮಾ ನೇರ ಕೋಳಿಮನೆಗೆ ಬಂದರು. ಗಂಡಸಿನ ಮುಖ ಕಂಡು ಅಭ್ಯಾಸವಿಲ್ಲದ ಕೋಳಿಗಳು ಬೆದರಿ ಮಾಡಿಗೆ ಹಾರಿದವು. ಎರಡು ದಿನ ಮೊಟ್ಟೆ ಇಡಲಿಲ್ಲ. ಕಾಯಿ ಕಿತ್ತ ಗಿಡಗಳ ಮುಂದೆ ಬೌಮಾ ಟೋಪಿ ತೆಗೆದು ನಿಂತರು.

"ಎಷ್ಟು ವರ್ಷದಿಂದ?"

"ಹಾರ್ಮ್ ಹುಟ್ಟೋಕೆ ಮುಂಚಿನಿಂದ."

"ನನಗೆ ಹೇಳಬಹುದಿತ್ತಲ್ಲ ಫೆನ್ನಾ."

"ಹೇಳಿದ್ರೆ ನೀನು ನೋಟಿಸ್ ಕೊಡ್ತಿದ್ದೆ."

ಬೌಮಾ ಟೋಪಿಯ ಅಂಚನ್ನು ನೇರ ಮಾಡಿದರು. "ಹೌದು," ಎಂದರು. "ಕೊಡ್ತಿದ್ದೆ." ಅಂದು ರಾತ್ರಿ ಊಟದ ಮೇಜಿನ ಮೇಲೆ ಕರಿ ರಟ್ಟಿನ ಪುಸ್ತಕ ತೆರೆದು ಏನೋ ಬರೆದು, ಹರಿದು, ಮತ್ತೆ ಬರೆದರು. ಫೆನ್ನಾ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಡಲೀನ್ ಬೆಣ್ಣೆಗೆಂದು ಡೈರಿಗೆ ಹೋದಾಗ ಅಲ್ಲಿ ಹತ್ತಿಪ್ಪತ್ತು ಜನ ಗೋಡೆಗೆ ಮುಖ ಮಾಡಿ ನಿಂತಿದ್ದರು. ಸೊನ್ನೆಯ ಪಟ್ಟಿಯ ಪಕ್ಕ ಒಂದು ನೋಟಿಸ್. ಟ್ಯೂನಿಸ್ ವಿಸರ್ ಅದನ್ನು ಗಟ್ಟಿಯಾಗಿ ಓದುತ್ತಿದ್ದ.

"'ಲಾಮರ್ಟ್ ಬೌಮಾ, ಜಮೀನಿನ ಮಾಲೀಕರು, ಇವರಿಗೆ. ತಮ್ಮ ಕೋಳಿಮನೆಯ ಹಿಂದೆ ನೂರಾ ನಲವತ್ತೆರಡು ಕಡ್ಡಿ ಹಾಲುಗಿಡ ಇರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಇದು ತಮ್ಮ ಅಜಾಗರೂಕತೆಯಿಂದ ಆದದ್ದು. ಕಾಯಿಗಳನ್ನು ನೌಕಾಪಡೆಗೆ ಕೊಟ್ಟಿರುವುದರಿಂದ ಈ ವರ್ಷ ಕ್ರಮ ಕೈಗೊಂಡಿಲ್ಲ. ಇದೇ ರೀತಿ ಕೊಡುವ ಯಾರ ಮೇಲೂ ಕೈಗೊಳ್ಳುವುದಿಲ್ಲ. ಸಹಿ, ಲಾಮರ್ಟ್ ಬೌಮಾ, ಕಳೆ ಕಮಿಷನರ್.'"

ಓದಿ ಮುಗಿಸುವಷ್ಟರಲ್ಲಿ ಟ್ಯೂನಿಸ್ ನಗು ತಡೆಯಲಾರದೆ ಕ್ಯಾನಿನ ಮೇಲೆ ಕೂತುಬಿಟ್ಟ. ಬೌಮಾ ತಮ್ಮ ಹಾಲಿನ ಕ್ಯಾನುಗಳ ಪಕ್ಕ ನೆಟ್ಟಗೆ ನಿಂತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

"ಲಾಮರ್ಟ್, ಇದನ್ನ ಕೊಟ್ಟೋನು ಯಾರು, ತಗೊಂಡೋನು ಯಾರು?" ಎಂದ ಟ್ಯೂನಿಸ್.

"ಕೊಟ್ಟೋನೂ ನಾನೇ, ತಗೊಂಡೋನೂ ನಾನೇ."

"ಸುಮ್ಮನೆ ತಗೊಂಡ್ಯಾ?"

"ಸ್ವಲ್ಪ ವಾದ ಮಾಡಿದೆ," ಎಂದರು ಬೌಮಾ. "ಕಮಿಷನರ್ ಕೇಳಲಿಲ್ಲ."

ಡೈರಿಯಲ್ಲಿ ನಗು ಎದ್ದಿತು. ಅದು ತಣ್ಣಗಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ಯೂನಿಸ್ ಕ್ಯಾನಿನಿಂದ ಎದ್ದು ಗಂಟಲು ಸರಿಮಾಡಿಕೊಂಡ.

"ನನ್ನ ಸೈಲೋ ಹಿಂದೆ... ಒಂದು ನಾಲ್ಕು ಚೀಲ ಆಗಬಹುದು."

ಬೌಮಾರ ಕೈ ತಾನಾಗಿಯೇ ಕರಿ ಪುಸ್ತಕಕ್ಕೆ ಹೋಯಿತು. "ಎಷ್ಟು ವರ್ಷದಿಂದ ಇದೆ ಅದು?"

"ನಿನಗೆ ವರ್ಷ ಬೇಕೋ, ಚೀಲ ಬೇಕೋ?"

ಪುಸ್ತಕ ಜೇಬಿಗೆ ವಾಪಸಾಯಿತು. "ಚೀಲ," ಎಂದರು ಬೌಮಾ.

ಕಟ್ಟಿಗೆ ರಾಶಿಯ ಹಿಂದಿನದು ಎರಡು ಚೀಲ ಎಂದರು ಒಬ್ಬರು. ಹಳೆ ಬಾವಿಯ ಹತ್ತಿರದ್ದು ಐದು ಎಂದರು ಇನ್ನೊಬ್ಬರು. ಮುಂದೆ ಮೂರು ದಿನ ನೋರ್ಡೆನ್‌ನವರು ಮೂಲೆಮೂಲೆಯಿಂದ ಹೊತ್ತು ತಂದರು. ಭಾನುವಾರ ಮಾತ್ರ ಯಾರೂ ಕಾಯಿ ಮುಟ್ಟಲಿಲ್ಲ, ಆಕಾಶ ಮೋಡ ಕವಿದಿದ್ದರೂ. ಸೋಮವಾರ ಬೆಳಿಗ್ಗೆ ಪಾದ್ರಿಗಳೇ ಎರಡು ಚೀಲ ಹಿಡಿದು ಬಂದರು. ಚೀಟಿಯಲ್ಲಿ "ಸ್ಮಶಾನದ ಉತ್ತರದ ಗೋಡೆ" ಎಂದು ಬರೆದಿತ್ತು. ಬೌಮಾ ಅದನ್ನು ಓದಿ ಪಾದ್ರಿಗಳಿಗೆ ಒಂದು ಇಡೀ ಪೆಪ್ಪರ್‌ಮಿಂಟ್ ಕೊಟ್ಟರು. ಶಾಲೆಯ ಬೇಲಿಯಲ್ಲಿ ಜಾಗ ಸಾಲದೆ ಚೀಲಗಳನ್ನು ಬಟ್ಟೆ ಒಣಹಾಕುವ ಹಗ್ಗಕ್ಕೂ ತೂಗುಹಾಕಿದರು. ಒಟ್ಟು ಅರವತ್ತೇಳು. ಪಕ್ಕದ ಹೋಬಳಿಯ ತೊಂಬತ್ತಕ್ಕೆ ಅದು ಸಮವಲ್ಲ. ಆದರೆ ಆ ಹೋಬಳಿಗೆ ಕಳೆ ಕಮಿಷನರ್ ಇರಲಿಲ್ಲ ಎಂದು ಟ್ಯೂನಿಸ್ ಎಲ್ಲರಿಗೂ ನೆನಪಿಸಿದ.

ಬೌಮಾ ಮಾತ್ರ ಮೊದಲಿನ ಮೂರು ಚೀಲಗಳ ಬಳಿಯೇ ನಿಂತಿದ್ದರು. ಚೀಟಿಗಳನ್ನು ಬಿಚ್ಚಿ, "ಶಾಲೆಯ ಹಿತ್ತಲು" ಎಂಬುದನ್ನು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ "ಫೆನ್ನಾ ಬೌಮಾ, ಕೋಳಿಮನೆ" ಎಂದು ಬರೆದು ಮತ್ತೆ ಕಟ್ಟಿದರು.

ಹಾರ್ಮ್ ೧೯೪೬ರ ಜನವರಿಯಲ್ಲಿ ಮನೆಗೆ ಬಂದ. ಅವನು ಒಂದು ಸಲವೂ ನೀರಿಗೆ ಬಿದ್ದಿರಲಿಲ್ಲ. ಜೀವರಕ್ಷಕ ಅಂಗಿಯನ್ನು ಏನು ಮಾಡುತ್ತಿದ್ದೆ ಎಂದು ತಂದೆ ಕೇಳಿದ್ದಕ್ಕೆ, ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದೆ ಎಂದ. ಫೆನ್ನಾ ಗಂಡನ ಮುಖ ನೋಡಿದರು. ಗಂಡ ಸೂಪಿನ ತಟ್ಟೆ ನೋಡಿದರು.

ಯುದ್ಧ ಮುಗಿದ ಮೇಲೆ ಹಾಲುಗಿಡವನ್ನು ಕೇಳುವವರಿಲ್ಲ. ಅದು ಮತ್ತೆ ಕಳೆಯ ಪಟ್ಟಿಗೆ ಸೇರಿದೆ. ಲಾಮರ್ಟ್ ಬೌಮಾ ಈಗಲೂ ನೋರ್ಡೆನ್ ಹೋಬಳಿಯ ಕಳೆ ಕಮಿಷನರ್. ವರ್ಷಕ್ಕೆ ಮೂರು ಸಲ ಎಪ್ಪತ್ತಮೂರು ಹೊಲಗಳನ್ನು ಸುತ್ತುತ್ತಾರೆ, ನೋಟಿಸ್ ಕೊಡುತ್ತಾರೆ, ಹನ್ನೊಂದನೆಯ ದಿನ ತಾವೇ ಹೋಗಿ ಅಗೆಯುತ್ತಾರೆ. ಪ್ರತಿ ಜುಲೈನ ಮೊದಲ ನೋಟಿಸನ್ನು ತಮ್ಮ ಹೆಸರಿಗೇ ಬರೆದು ಕೋಳಿಮನೆಯ ಬಾಗಿಲಿಗೆ ಅಂಟಿಸುತ್ತಾರೆ, ಮತ್ತು ಆ ಒಂದರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ.